ಗೆರೆ ದಾಟಿದರೆ ಕಾವಲು ಯಾರದು?

ಲಾಸ್ ಏಂಜಲಿಸ್ ವಿಮಾನ ನಿಲ್ದಾಣ ಜಗತ್ತಿನ ಅತಿ ದಟ್ಟಣೆಯ ನಿಲ್ದಾಣಗಳಲ್ಲೊಂದು. ಅದರ ರನ್‌ವೇಗಳ ನೆತ್ತಿಯ ಮೇಲೆಯೇ, 3,500 ಅಡಿ ಎತ್ತರದಲ್ಲಿ, ಒಂದೇ ಎಂಜಿನ್ನಿನ ಪುಟ್ಟ ಸೆಸ್ನಾ ವಿಮಾನವೊಂದು ಯಾರ ಅಪ್ಪಣೆಯನ್ನೂ ಕೇಳದೆ, ರೇಡಿಯೊದಲ್ಲಿ ಒಂದು ಮಾತನ್ನೂ ಆಡದೆ ಆಗ್ನೇಯ ದಿಕ್ಕಿಗೆ ಹಾದುಹೋಗಬಹುದು. ಎದುರಿನಿಂದ, ಅಂದರೆ ವಾಯವ್ಯಕ್ಕೆ ಹೋಗುವವರಿಗೆ 4,500 ಅಡಿ. ವೇಗ 140 ನಾಟ್ ಮೀರಬಾರದು, ದೀಪಗಳು ಉರಿಯುತ್ತಿರಬೇಕು, ರೇಡಾರ್‌ಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ 1201 ಎಂಬ ಸಂಖ್ಯೆ ಇರಬೇಕು, ಅಷ್ಟೆ. ಅದೇ ಸೆಸ್ನಾ ಈ ಓಣಿ ಬಿಟ್ಟು ಪಕ್ಕಕ್ಕೆ ಸರಿಯಿತೆಂದರೆ ಅದು ಅಪ್ಪಣೆಯಿಲ್ಲದ ಪ್ರವೇಶ; ಪೈಲಟ್‌ನ ಪರವಾನಗಿಗೇ ಕುತ್ತು ಬರಬಹುದು. ಕಿಟಕಿಯಾಚೆ ನೋಡಿದರೆ ಎರಡೂ ಕಡೆ ಒಂದೇ ಆಕಾಶ. ವ್ಯತ್ಯಾಸ ಕಾಣುವುದು ನಕ್ಷೆಯಲ್ಲಿ ಮಾತ್ರ. ಅದಕ್ಕೇ ಈ ಓಣಿಯಲ್ಲಿ ಹಾರುವವರ ಬಳಿ ಲಾಸ್ ಏಂಜಲಿಸ್‌ನ ಚಾಲ್ತಿಯಲ್ಲಿರುವ ಚಾರ್ಟ್ ಇರಲೇಬೇಕೆಂದು ನಿಯಮವೇ ಹೇಳುತ್ತದೆ.

ಅಮೆರಿಕದ ಹಾರಾಟ ಶಾಲೆಗಳಲ್ಲಿ ಭಾರತದ ವಿದ್ಯಾರ್ಥಿಗಳು ಸಾಕಷ್ಟು ಮಂದಿ ಇದ್ದಾರೆ. ವಿಮಾನ ಏರಿಸುವುದು, ತಿರುಗಿಸುವುದು, ಇಳಿಸುವುದು ಅಭ್ಯಾಸದಿಂದ ಕೈಗೆ ಹತ್ತುತ್ತದೆ. ತೊಡಕಾಗುವುದು ವಾಯುಪ್ರದೇಶದ ಅಧ್ಯಾಯ. ಎ, ಬಿ, ಸಿ, ಡಿ ಎಂದು ಅಕ್ಷರಗಳು, ಅಕ್ಷರಕ್ಕೊಂದು ಎತ್ತರ, ಎತ್ತರಕ್ಕೊಂದು ನಿಯಮ. ಹೆಚ್ಚಿನವರು ಇದನ್ನು ಮಗ್ಗಿಯ ಹಾಗೆ ಉರುಹೊಡೆಯುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಈ ಇಡೀ ಕೋಷ್ಟಕದ ಹಿಂದೆ ಇರುವುದು ಒಂದೇ ಪ್ರಶ್ನೆ: ಇಲ್ಲಿ ಎರಡು ವಿಮಾನಗಳು ಡಿಕ್ಕಿಯಾಗದಂತೆ ನೋಡಿಕೊಳ್ಳುವ ಹೊಣೆ ಯಾರದು? ನೆಲದ ಮೇಲೆ ರೇಡಾರ್ ಮುಂದೆ ಕುಳಿತ ಕಂಟ್ರೋಲರ್‌ದೊ, ಕಾಕ್‌ಪಿಟ್‌ನಲ್ಲಿ ಕುಳಿತವರದೊ, ಇಬ್ಬರದೂ ಹೌದೊ? ಅಕ್ಷರ ಬದಲಾದಾಗ ಬದಲಾಗುವುದು ಈ ಹೊಣೆಯ ಹಂಚಿಕೆ. ಇಷ್ಟು ತಿಳಿದರೆ ಮಗ್ಗಿಯ ಮುಕ್ಕಾಲು ಪಾಲು ತಾನಾಗಿಯೇ ನೆನಪಿನಲ್ಲಿ ನಿಲ್ಲುತ್ತದೆ.

ಬಹುಪಾಲು ಆಕಾಶದಲ್ಲಿ ಈ ಪ್ರಶ್ನೆಗೆ ‘ಪೈಲಟ್‌ದೇ’ ಎಂಬ ಒಂದೇ ಉತ್ತರವಿದ್ದ ಕಾಲವೊಂದಿತ್ತು. 1956ರ ಜೂನ್ 30ರಂದು ಟಿಡಬ್ಲ್ಯುಎ ಸಂಸ್ಥೆಯ ಸೂಪರ್ ಕಾನ್ಸ್ಟಲೇಶನ್ ಮತ್ತು ಯುನೈಟೆಡ್ ಸಂಸ್ಥೆಯ ಡಿಸಿ–7 ವಿಮಾನಗಳು ಲಾಸ್ ಏಂಜಲಿಸ್‌ನಿಂದ ಮೂರು ನಿಮಿಷದ ಅಂತರದಲ್ಲಿ ಹೊರಟವು. ಒಂದು ಕಾನ್ಸಾಸ್ ಸಿಟಿಗೆ, ಇನ್ನೊಂದು ಶಿಕಾಗೊಗೆ. ಗ್ರ್ಯಾಂಡ್ ಕ್ಯಾನ್ಯನ್ ಮೇಲೆ, 21,000 ಅಡಿ ಎತ್ತರದಲ್ಲಿ ಎರಡೂ ಡಿಕ್ಕಿಯಾದವು. 128 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅಲ್ಲಿ ಆ ಎತ್ತರ ಯಾರ ನಿಯಂತ್ರಣದಲ್ಲೂ ಇರಲಿಲ್ಲ. ಎದುರಿನವರನ್ನು ನೋಡಿ ತಪ್ಪಿಸಿಕೊಳ್ಳುವುದು ಪೈಲಟ್‌ಗಳಿಗೇ ಬಿಟ್ಟದ್ದಾಗಿತ್ತು. ಈ ದುರಂತದ ಬಿಸಿ ತಟ್ಟಿದ್ದರಿಂದಲೇ 1958ರಲ್ಲಿ ಅಮೆರಿಕ ಹೊಸ ವಿಮಾನಯಾನ ಕಾಯ್ದೆ ತಂದು, ಇಂದು ಎಫ್‌ಎಎ ಎಂದು ಕರೆಯುವ ಸಂಸ್ಥೆಯನ್ನು ಕಟ್ಟಿತು. ಇಂದು ಅಲ್ಲಿ 18,000 ಅಡಿಯ ಮೇಲೆ ಹಾರುವ ಪ್ರತಿಯೊಂದು ವಿಮಾನವೂ ಕಂಟ್ರೋಲರ್ ಒಬ್ಬರ ಲೆಕ್ಕದಲ್ಲಿರುತ್ತದೆ. ಅದೇ ಎ ವರ್ಗ.

ಅಕ್ಷರಗಳು ಬಂದದ್ದು ಬಹಳ ತಡವಾಗಿ. ಒಂದೊಂದು ದೇಶ ತನ್ನ ಆಕಾಶವನ್ನು ಒಂದೊಂದು ಹೆಸರಿನಿಂದ ಕರೆಯುತ್ತಿದ್ದ ಗೊಂದಲ ತಪ್ಪಿಸಲು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, ಎಯಿಂದ ಜಿವರೆಗೆ ಏಳು ವರ್ಗಗಳನ್ನು ಗೊತ್ತುಮಾಡಿತು. ಅಮೆರಿಕ ಅದನ್ನು ಜಾರಿಗೆ ತಂದದ್ದು 1993ರ ಸೆಪ್ಟೆಂಬರ್ 16ರಂದು. ಏಳನ್ನೂ ಬಳಸಲೇಬೇಕೆಂಬ ಕಟ್ಟುಪಾಡಿಲ್ಲ. ಅಮೆರಿಕದಲ್ಲಿ ಎಫ್ ವರ್ಗವೇ ಇಲ್ಲ.

ವರ್ಗಗಳನ್ನು ಓದುವ ಮುನ್ನ ಹಾರಾಟದ ಎರಡು ಬಗೆ ತಿಳಿದಿರಬೇಕು. ಉಪಕರಣಗಳನ್ನು ನಂಬಿ, ಕಂಟ್ರೋಲರ್ ಹೇಳಿದ ದಾರಿಯಲ್ಲಿ, ಮೋಡದೊಳಗೂ ಹಾರುವುದು ಐಎಫ್‌ಆರ್. ಮೋಡದಿಂದ ದೂರವಿದ್ದು, ಕಣ್ಣಿಗೆ ಕಾಣುವುದನ್ನು ನಂಬಿ ಹಾರುವುದು ವಿಎಫ್‌ಆರ್. ವಿದ್ಯಾರ್ಥಿ ಪೈಲಟ್ ಒಂಟಿಯಾಗಿ ಹಾರುವುದು ಈ ಎರಡನೆಯ ಬಗೆಯಲ್ಲಿ.

ಎ ವರ್ಗದಲ್ಲಿ ವಿಎಫ್‌ಆರ್‌ಗೆ ಜಾಗವಿಲ್ಲ. ಎಲ್ಲರೂ ಐಎಫ್‌ಆರ್, ಎಲ್ಲರನ್ನೂ ಕಂಟ್ರೋಲರ್ ಬೇರ್ಪಡಿಸುತ್ತಾರೆ. ಬಿ ವರ್ಗಕ್ಕೆ ಎರಡೂ ಬಗೆಯವರು ಬರಬಹುದು. ಅಲ್ಲೂ ಪ್ರತಿಯೊಬ್ಬರನ್ನು ಪ್ರತಿಯೊಬ್ಬರಿಂದ ದೂರವಿಡುವ ಭಾರ ಕಂಟ್ರೋಲರ್‌ದು. ಸಿ ವರ್ಗದಲ್ಲಿ ಐಎಫ್‌ಆರ್ ವಿಮಾನವನ್ನು ಉಳಿದೆಲ್ಲವುಗಳಿಂದ ಬೇರ್ಪಡಿಸುತ್ತಾರೆ. ವಿಎಫ್‌ಆರ್ ವಿಮಾನಗಳೆರಡು ಹತ್ತಿರ ಬಂದರೆ ‘ಅಲ್ಲೊಂದು ಬರುತ್ತಿದೆ, ನೋಡಿಕೊಳ್ಳಿ’ ಎನ್ನುವ ಮಾಹಿತಿಯಷ್ಟೇ ಸಿಗುತ್ತದೆ. ಡಿ ವರ್ಗದಲ್ಲಿ ಬೇರ್ಪಡಿಸುವುದು ಐಎಫ್‌ಆರ್ ವಿಮಾನಗಳನ್ನು ಪರಸ್ಪರ ಮಾತ್ರ. ಇ ವರ್ಗಕ್ಕೆ ಬಂದರೆ ವಿಎಫ್‌ಆರ್ ಪೈಲಟ್ ಯಾರೊಡನೆಯೂ ಮಾತಾಡಬೇಕಾಗಿಯೇ ಇಲ್ಲ. ಎಫ್‌ನಲ್ಲಿ ಸಿಗುವುದು ಸಲಹೆ. ಜಿಯಲ್ಲಿ ಕೇಳಿದರೆ ಮಾಹಿತಿ, ಉಳಿದದ್ದೆಲ್ಲ ನಿಮ್ಮ ಕಣ್ಣು, ನಿಮ್ಮ ಪಾಡು. ಎಯಿಂದ ಜಿಗೆ ಇಳಿಯುತ್ತ ಹೋದಂತೆ ಕಂಟ್ರೋಲರ್‌ನ ಹೊಣೆ ಕಂತುಕಂತಾಗಿ ಪೈಲಟ್‌ನ ಹೆಗಲಿಗೆ ಬರುತ್ತದೆ.

ಇದರಲ್ಲಿ ಹೊಸಬರು ಬೆಚ್ಚಿಬೀಳುವುದು ಇ ವರ್ಗದ ಬಗ್ಗೆ. ಅದು ‘ನಿಯಂತ್ರಿತ’ ವಾಯುಪ್ರದೇಶ. ಆದರೆ ಅಮೆರಿಕದಲ್ಲಿ 10,000 ಅಡಿಗಿಂತ ಕೆಳಗಿನ ಇ ವರ್ಗದ ಬಹುಭಾಗದಲ್ಲಿ ರೇಡಿಯೊ ಇಲ್ಲದ ಹಳೆಯ ವಿಮಾನವೊಂದು ಕಾನೂನುಬದ್ಧವಾಗಿ ಹಾರಬಹುದು. ಅದೇ ಪ್ರದೇಶದ ಮೂಲಕ ಪ್ರಯಾಣಿಕರ ವಿಮಾನವೂ ಕೆಳಗಿಳಿಯಬಹುದು. ಕಂಟ್ರೋಲರ್ ಐಎಫ್‌ಆರ್‌ನಲ್ಲಿ ಬರುವ ಆ ದೊಡ್ಡ ವಿಮಾನವನ್ನು ಇನ್ನೊಂದು ಐಎಫ್‌ಆರ್ ವಿಮಾನದಿಂದ ಕಾಯುತ್ತಾರೆಯೇ ಹೊರತು ಈ ರೇಡಿಯೊರಹಿತ ವಿಮಾನದಿಂದ ಕಾಯುವ ಕಟ್ಟಳೆ ಅವರಿಗಿಲ್ಲ. ಅಲ್ಲಿ ಇಬ್ಬರು ಪೈಲಟ್‌ಗಳೂ ಹೊರಗೆ ನೋಡುತ್ತಿರಬೇಕು.

ಎಷ್ಟು ದೂರ ಕಾಣಬೇಕೆಂಬ ನಿಯಮ ಹುಟ್ಟಿದ್ದೂ ಇದರಿಂದಲೇ. 10,000 ಅಡಿಯೊಳಗಿನ ಇ ವರ್ಗದಲ್ಲಿ ವಿಎಫ್‌ಆರ್ ಹಾರಾಟಕ್ಕೆ ಮೂರು ಮೈಲಿ ದೂರದವರೆಗೆ ಕಾಣುತ್ತಿರಬೇಕು. ಮೋಡದಿಂದ 500 ಅಡಿ ಕೆಳಗೆ, 1,000 ಅಡಿ ಮೇಲೆ, ಪಕ್ಕಕ್ಕೆ 2,000 ಅಡಿ ದೂರವಿರಬೇಕು. ಮೋಡದೊಳಗಿಂದ ಐಎಫ್‌ಆರ್ ವಿಮಾನವೊಂದು ತಟ್ಟನೆ ಹೊರಬಂದರೆ ಎರಡೂ ಕಡೆಯವರಿಗೆ ನೋಡಿ ತಿರುಗಿಸಲು ವ್ಯವಧಾನ ಸಿಗಲಿ ಎಂದು ಈ ಅಂತರ. ಬಿ ವರ್ಗದಲ್ಲಿ ಮೋಡಕ್ಕೆ ತಾಗದಿದ್ದರೆ ಸಾಕು; ಏಕೆಂದರೆ ಅಲ್ಲಿ ಮೋಡದಿಂದ ಹೊರಬರುವವರ ಲೆಕ್ಕ ಕಂಟ್ರೋಲರ್ ಬಳಿ ಇದೆ. 10,000 ಅಡಿ ದಾಟಿದರೆ ಐದು ಮೈಲಿ ಕಾಣಬೇಕು. ಆ ಎತ್ತರದ ಕೆಳಗೆ 250 ನಾಟ್ ವೇಗಮಿತಿಯಿದೆ, ಮೇಲೆ ಇಲ್ಲ. 300 ನಾಟ್‌ನಲ್ಲಿ ಬರುವ ಜೆಟ್ ಮತ್ತು 120 ನಾಟ್‌ನಲ್ಲಿ ಹೋಗುವ ಚಿಕ್ಕ ವಿಮಾನ ಎದುರುಬದುರಾದರೆ ಮೂರು ಮೈಲಿ ಸುಮಾರು 22 ಸೆಕೆಂಡಿನಲ್ಲಿ ಕರಗುತ್ತದೆ, ಐದು ಮೈಲಿ 37 ಸೆಕೆಂಡಿನಲ್ಲಿ. ಕಣ್ಣಿಗೆ ಬಿದ್ದದ್ದು ವಿಮಾನವೆಂದು ಗುರುತಿಸಿ, ಡಿಕ್ಕಿಯ ದಾರಿಯಲ್ಲಿದೆ ಎಂದು ಅರಿತು, ತಿರುಗಿಸಿ, ವಿಮಾನ ನಿಜಕ್ಕೂ ತಿರುಗುವಷ್ಟರಲ್ಲಿ ಹನ್ನೆರಡೂವರೆ ಸೆಕೆಂಡು ಹಿಡಿಯುತ್ತದೆಂದು ಎಫ್‌ಎಎ ಪೈಲಟ್‌ಗಳಿಗೆ ಹೇಳಿಕೊಡುತ್ತದೆ. ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಿದವರಿಗೆ ಮೂರು, ಐದು ಎಂಬ ಅಂಕಿಗಳು ಮತ್ತೆ ಅದಲುಬದಲಾಗುವುದಿಲ್ಲ.

ಇನ್ನು ನಕ್ಷೆ. ಆರಂಭದ ದಿನಗಳ ಪೈಲಟ್‌ಗಳಿಗೆ ಆಕಾಶದ ನಕ್ಷೆ ಎಂಬುದೇ ಇರಲಿಲ್ಲ. ನೆಲದ ಮೇಲಿನ ರೈಲುಹಳಿ, ಹೊಳೆ, ಊರುಗಳೇ ಗುರುತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಟಪಾಲು ತಂದಾಗ, ಅದನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮೇಲಾಗಿ ಮದರಾಸಿಗೆ ಒಯ್ದಾಗ, ವಿಮಾನದಲ್ಲಿ ರೇಡಿಯೊ ಕೂಡ ಇರಲಿಲ್ಲ. ಅದೇ ಹೊತ್ತಿನಲ್ಲಿ ಅಮೆರಿಕದಲ್ಲಿ ಟಪಾಲು ಹಾರಿಸುತ್ತಿದ್ದ ಎಲ್ರೇ ಜೆಪ್ಪೆಸನ್ ಹತ್ತು ಸೆಂಟಿನ ನೋಟ್‌ಪುಸ್ತಕವೊಂದರಲ್ಲಿ ಗುಡ್ಡಗಳ ಎತ್ತರ, ಇಳಿಯುವ ಬಯಲುಗಳ ಉದ್ದಗಲ ಬರೆದಿಟ್ಟುಕೊಳ್ಳುತ್ತಿದ್ದ. ಜತೆಗಾರರು ಪ್ರತಿ ಕೇಳತೊಡಗಿದಾಗ 1934ರಿಂದ ಹತ್ತು ಡಾಲರಿಗೆ ಮಾರಿದ. ಇಂದಿಗೂ ವಿಮಾನಯಾನ ಚಾರ್ಟ್‌ಗಳಿಗೆ ಅವನ ಹೆಸರೇ ದೊಡ್ಡದು.

ವಿಎಫ್‌ಆರ್ ಪೈಲಟ್ ಬಳಸುವುದು ಸೆಕ್ಷನಲ್ ಚಾರ್ಟ್. ಅಳತೆ 1:5,00,000, ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಐದು ಕಿಲೊಮೀಟರ್. ನೂರು ನಾಟ್ ವೇಗದ ತರಬೇತಿ ವಿಮಾನ ಈ ಕಾಗದದ ಮೇಲೆ ನಿಮಿಷಕ್ಕೆ ಆರು ಮಿಲಿಮೀಟರ್ ಸಾಗುತ್ತದೆ. ದೊಡ್ಡ ನಗರಗಳ ಸುತ್ತ ಗೆರೆಗಳು ಒತ್ತೊತ್ತಾಗಿ ಬೀಳುವುದರಿಂದ ಅಲ್ಲಿಗೆ ಇದರ ಎರಡು ಪಟ್ಟು ದೊಡ್ಡದಾಗಿ ಬಿಡಿಸಿದ ಟರ್ಮಿನಲ್ ಚಾರ್ಟ್ ಇದೆ.

ಚಾರ್ಟ್‌ನ ಬಣ್ಣಗಳಿಗೆ ಅರ್ಥವಿದೆ. ಕಂಟ್ರೋಲ್ ಟವರ್ ಇರುವ ನಿಲ್ದಾಣ ನೀಲಿ, ಇಲ್ಲದ್ದು ಮಜೆಂಟಾ. ಬಿ ವರ್ಗದ ಅಂಚು ಗಟ್ಟಿ ನೀಲಿ ಗೆರೆ, ಸಿ ವರ್ಗದ್ದು ಗಟ್ಟಿ ಮಜೆಂಟಾ, ಡಿ ವರ್ಗದ್ದು ತುಂಡು ತುಂಡು ನೀಲಿ. ನೆಲದಿಂದಲೇ ಶುರುವಾಗುವ ಇ ವರ್ಗಕ್ಕೆ ತುಂಡು ಮಜೆಂಟಾ. ಮಸುಕಾಗಿ ಹರಡಿದ ಮಜೆಂಟಾ ಪಟ್ಟಿ ಕಂಡರೆ ಅದರೊಳಗೆ ಇ ವರ್ಗ 700 ಅಡಿಯಿಂದಲೇ ಆರಂಭ. ಹೊರಗೆ ಸಾಮಾನ್ಯವಾಗಿ 1,200 ಅಡಿಯಿಂದ. ಅದರ ಕೆಳಗಿನದ್ದು ಜಿ. ಜಿ ವರ್ಗಕ್ಕೆ ಚಾರ್ಟ್‌ನಲ್ಲಿ ಸ್ವಂತ ಗೆರೆಯಿಲ್ಲ. ಬೇರೆ ಯಾರದೂ ಅಲ್ಲದ್ದು ಅದರದ್ದು.

ಬಿ ವರ್ಗದ ಆಕಾರ ಮನಸ್ಸಿನಲ್ಲಿ ಮೂಡಿಸಿಕೊಳ್ಳಲು ದಸರಾ ಬೊಂಬೆಗಳ ಮೆಟ್ಟಿಲನ್ನು ತಲೆಕೆಳಗು ಮಾಡಿ ನಿಲ್ದಾಣದ ಸುತ್ತ ತಿರುಗಿಸಿಟ್ಟಂತೆ ಊಹಿಸಿಕೊಳ್ಳಬೇಕು: ನೆಲದ ಬಳಿ ಕಿರಿದು, ಮೇಲೆ ಹೋದಂತೆ ಅಗಲ. ಇಳಿಯುವ ಜೆಟ್‌ಗಳು ದೂರದಲ್ಲಿ ಎತ್ತರದಲ್ಲಿರುತ್ತವೆ, ಹತ್ತಿರ ಬಂದಂತೆ ತಗ್ಗುತ್ತವೆ. ಅವುಗಳಿಗೆ ಬೇಕಾದಷ್ಟು ಜಾಗ ಮಾತ್ರ ಕಾಯ್ದಿರಿಸಿ, ಉಳಿದದ್ದನ್ನು ಚಿಕ್ಕವರಿಗೆ ಬಿಡುವ ಉಪಾಯವಿದು. ಒಂದೊಂದು ಮೆಟ್ಟಿಲಿಗೂ ಚಾರ್ಟ್‌ನಲ್ಲಿ ಒಂದರ ಕೆಳಗೊಂದು ಎರಡು ಅಂಕಿಗಳಿರುತ್ತವೆ. ಮೇಲೆ 100, ಕೆಳಗೆ 30 ಎಂದಿದ್ದರೆ ಎರಡು ಸೊನ್ನೆ ಸೇರಿಸಿ ಓದಬೇಕು: 10,000 ಅಡಿಯಿಂದ 3,000 ಅಡಿಯವರೆಗೆ. ಅಮೆರಿಕದಲ್ಲಿ ಇಂಥ ಬಿ ವರ್ಗದ ಪ್ರದೇಶಗಳು 30ಕ್ಕೂ ಹೆಚ್ಚಿವೆ. ಒಳಹೋಗಲು ಕಂಟ್ರೋಲರ್ ಬಾಯಿಂದ ಸ್ಪಷ್ಟ ಅಪ್ಪಣೆ ಕಿವಿಗೆ ಬಿದ್ದಿರಬೇಕು. ವಿದ್ಯಾರ್ಥಿ ಒಂಟಿಯಾಗಿ ಹೋಗಬೇಕಾದರೆ ಆ ಪ್ರದೇಶಕ್ಕೆಂದೇ ತರಬೇತಿ ಪಡೆದು, ಬೋಧಕರಿಂದ ಲಾಗ್‌ಬುಕ್‌ನಲ್ಲಿ ಬರೆಸಿಕೊಂಡಿರಬೇಕು. ಸಿ ಮತ್ತು ಡಿ ವರ್ಗಕ್ಕೆ ಅಷ್ಟಿಲ್ಲ. ಕಂಟ್ರೋಲರ್ ನಿಮ್ಮ ವಿಮಾನದ ಸಂಖ್ಯೆ ಹೇಳಿ ‘ಸ್ಟ್ಯಾಂಡ್‌ಬೈ’ ಎಂದರೂ ಸಂಪರ್ಕ ಆದಂತೆ, ಒಳಹೋಗಬಹುದು. ಸಂಖ್ಯೆ ಹೇಳದೆ ‘ಕರೆದ ವಿಮಾನ, ಸ್ಟ್ಯಾಂಡ್‌ಬೈ’ ಎಂದರೆ ಹೊರಗೇ ಸುತ್ತು ಹೊಡೆಯುತ್ತಿರಬೇಕು. ನಿಮ್ಮನ್ನು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ಅದರರ್ಥ.

ಗೆರೆ ದಾಟಿದ್ದು ತಿಳಿಯದೆ ಹೋದರೆ ಏನಾಗಬಹುದು ಎಂಬುದನ್ನು 1986ರ ಆಗಸ್ಟ್ 31 ತೋರಿಸಿತು. ಟಾರೆನ್ಸ್‌ನಿಂದ ಹೊರಟ ಪೈಪರ್ ವಿಮಾನವೊಂದು ಇಂದಿನ ಬಿ ವರ್ಗಕ್ಕೆ ಸಮನಾದ ಲಾಸ್ ಏಂಜಲಿಸ್ ಪ್ರದೇಶದೊಳಕ್ಕೆ ಅಪ್ಪಣೆಯಿಲ್ಲದೆ ಸೇರಿತು. ಅದರ ಟ್ರಾನ್ಸ್‌ಪಾಂಡರ್ ಎತ್ತರ ತಿಳಿಸುವಂಥದ್ದಲ್ಲ. ಇಳಿಯಲು ಬರುತ್ತಿದ್ದ ಏರೊಮೆಕ್ಸಿಕೊ ಡಿಸಿ–9ಕ್ಕೆ ಅದು ಬಡಿಯಿತು. ಸೆರಿಟೋಸ್ ಊರಿನ ಮನೆಗಳಲ್ಲಿದ್ದ 15 ಜನರೂ ಸೇರಿ 82 ಮಂದಿ ಸತ್ತರು. ಬಿ ವರ್ಗದ ನಿಲ್ದಾಣಗಳ ಸುತ್ತ 30 ನಾಟಿಕಲ್ ಮೈಲಿಯೊಳಗೆ ಎತ್ತರ ತಿಳಿಸುವ ಟ್ರಾನ್ಸ್‌ಪಾಂಡರ್, ಪ್ರಯಾಣಿಕರ ವಿಮಾನಗಳಲ್ಲಿ ಡಿಕ್ಕಿ ಎಚ್ಚರಿಕೆಯ ಯಂತ್ರ ಕಡ್ಡಾಯವಾದದ್ದು ಇದರ ಬಳಿಕ. ಚಾರ್ಟ್‌ನಲ್ಲಿ ನಿಲ್ದಾಣದ ಸುತ್ತ ಕಾಣುವ ತೆಳ್ಳನೆಯ ಮಜೆಂಟಾ ವೃತ್ತ ಆ 30 ಮೈಲಿಯ ಗಡಿ.

ಚಾರ್ಟ್ ಓದುವವರು ಎಡವುವ ಇನ್ನೊಂದು ಜಾಗ ಎತ್ತರ. ಚಾರ್ಟ್ ಕೆಲವೆಡೆ ಸಮುದ್ರಮಟ್ಟದಿಂದ ಅಳೆಯುತ್ತದೆ, ಕೆಲವೆಡೆ ನೆಲದಿಂದ. ವಿಮಾನದ ಆಲ್ಟಿಮೀಟರ್ ತೋರಿಸುವುದು ಸಮುದ್ರಮಟ್ಟದ್ದು. ಕಡಲತೀರದ ಊರಿನಲ್ಲಿ ಕಲಿತವರಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಬೆಂಗಳೂರಿನಲ್ಲಿ ಹಾಗಲ್ಲ. ಕೆಂಪೇಗೌಡ ನಿಲ್ದಾಣದ ನೆಲವೇ ಸುಮಾರು 3,000 ಅಡಿಯಲ್ಲಿದೆ. ಆಲ್ಟಿಮೀಟರ್ 3,500 ತೋರಿಸಿದರೆ ಕಾಲ ಕೆಳಗೆ ಇರುವುದು 500 ಅಡಿ. 4,500ರಲ್ಲಿ ಹಾಯಾಗಿ ಹಾರುತ್ತಿದ್ದೇನೆ ಎಂದುಕೊಂಡವರ ಮುಂದೆ ನಂದಿಬೆಟ್ಟ 4,851 ಅಡಿ ಎತ್ತರ ನಿಂತಿರುತ್ತದೆ. ಇದಕ್ಕೇ ಸೆಕ್ಷನಲ್ ಚಾರ್ಟ್‌ನ ಒಂದೊಂದು ಚೌಕದಲ್ಲೂ ದಪ್ಪಕ್ಷರದಲ್ಲಿ ಒಂದು ಅಂಕಿ ಇರುತ್ತದೆ: ದೊಡ್ಡ 5ರ ಪಕ್ಕ ಚಿಕ್ಕ 3 ಎಂದರೆ, ಆ ಚೌಕದ ಅತಿ ಎತ್ತರದ ಬೆಟ್ಟವೊ ಗೋಪುರವೊ ಎಚ್ಚರಿಕೆಯ ಲೆಕ್ಕ ಸೇರಿ 5,300 ಅಡಿಯೊಳಗಿದೆ ಎಂದು. ಮೋಡ ಕವಿದು ದಿಕ್ಕು ತೋಚದಾದಾಗ ಮೊದಲು ನೋಡಬೇಕಾದ ಅಂಕಿ ಅದು.

ಅಮೆರಿಕದಲ್ಲಿ ಕಲಿತವರು ಭಾರತಕ್ಕೆ ಮರಳಿದಾಗ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಪರೀಕ್ಷೆ ಬರೆದು ಪರವಾನಗಿ ಬದಲಿಸಿಕೊಳ್ಳಬೇಕು. ಬದಲಾಗಬೇಕಾದ್ದು ಪರವಾನಗಿ ಮಾತ್ರವಲ್ಲ, ಆಕಾಶದ ಬಗೆಗಿನ ಎಣಿಕೆಯೂ. ಅಲ್ಲಿ ಒಳ್ಳೆಯ ಹವೆಯಿದ್ದರೆ, ದೊಡ್ಡ ನಿಲ್ದಾಣಗಳಿಂದ ದೂರ ಸರಿದು, ಯಾರಿಗೂ ತಿಳಿಸದೆ ಒಂದೂರಿನಿಂದ ಇನ್ನೊಂದೂರಿಗೆ ಹಾರಬಹುದು. ಇಲ್ಲಿ ಅಂಥ ಹಾರಾಟಕ್ಕೆ ಹೊರಡುವ ಮೊದಲೇ ವಾಯುರಕ್ಷಣಾ ಅನುಮತಿಯ ಸಂಖ್ಯೆ ಪಡೆಯಬೇಕು. ವಾಯುಪಡೆಗೆ ಗೊತ್ತಿಲ್ಲದ ವಿಮಾನ ಅನುಮಾನಕ್ಕೆ ಗುರಿ. ನಮ್ಮ ಆಕಾಶದ ದೊಡ್ಡ ಪಾಲು ಸೇನೆಯ ಬಳಕೆಗೆ ಮೀಸಲಾಗಿ ಬಂದಿದೆ. ಅದರ ಬೆಲೆ 1996ರ ನವೆಂಬರ್ 12ರಂದು ಕಂಡಿತು. ದೆಹಲಿಗೆ ಬರುವ, ದೆಹಲಿಯಿಂದ ಹೋಗುವ ನಾಗರಿಕ ವಿಮಾನಗಳಿಗೆ ಆಗ ಇದ್ದದ್ದು ಒಂದೇ ಓಣಿ. ಅಲ್ಲಿ 15,000 ಅಡಿಯಲ್ಲಿ ನಿಲ್ಲಬೇಕಿದ್ದ ಕಜಕಸ್ತಾನದ ಇಲ್ಯೂಶಿನ್ ಇನ್ನೂ ಕೆಳಗಿಳಿಯಿತು, 14,000 ಅಡಿಯಲ್ಲಿದ್ದ ಸೌದಿಯ ಬೋಯಿಂಗ್ 747ಕ್ಕೆ ಚರ್ಖಿ ದಾದ್ರಿಯ ಮೇಲೆ ಅಪ್ಪಳಿಸಿತು. 349 ಜನ ಸತ್ತರು. ತಪ್ಪು ಎತ್ತರಕ್ಕೆ ಇಳಿದದ್ದು ಒಂದು ವಿಮಾನ ನಿಜ. ಬರುವವರಿಗೂ ಹೋಗುವವರಿಗೂ ಬೇರೆ ಬೇರೆ ಓಣಿಗಳಿದ್ದಿದ್ದರೆ ಆ ತಪ್ಪಿನ ಎದುರು ಇನ್ನೊಂದು ವಿಮಾನ ಇರುತ್ತಿರಲಿಲ್ಲ. ಬೇರೆ ಬೇರೆ ಓಣಿಗಳು ಬಂದದ್ದು ಅದರ ನಂತರ.

ಗೆರೆಗಳ ದಟ್ಟಣೆಗೆ ನಮ್ಮ ಬೆಂಗಳೂರಿಗಿಂತ ಒಳ್ಳೆಯ ಉದಾಹರಣೆ ಬೇಡ. ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿದೆ. ಅಲ್ಲಿಂದ ಏಳು ಕಿಲೊಮೀಟರ್ ಆಸುಪಾಸಿನಲ್ಲಿ ಯಲಹಂಕದ ವಾಯುಪಡೆ ನೆಲೆ, 20 ಕಿಲೊಮೀಟರ್ ಒಳಗೆ ಒಂದು ಕಡೆ ಕೆಂಪೇಗೌಡ ನಿಲ್ದಾಣ, ಇನ್ನೊಂದು ಕಡೆ ಎಚ್‌ಎಎಲ್ ನಿಲ್ದಾಣ. ನೂರು ನಾಟ್ ವೇಗದಲ್ಲಿ 20 ಕಿಲೊಮೀಟರ್ ಎಂದರೆ ಏಳು ನಿಮಿಷವೂ ಅಲ್ಲ. ಮೂರು ಕಡೆ ಮೂರು ಆಡಳಿತ, ಮೂರು ಬಗೆಯ ವಿಮಾನಗಳು. ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ಬಂದಾಗ ಯಲಹಂಕದ ಸುತ್ತಲ ಆಕಾಶವನ್ನು ದಿನದ ಕೆಲವು ಗಂಟೆ ಮುಚ್ಚುತ್ತಾರೆ. ಇದು ಯಾವ ಚಾರ್ಟ್‌ನಲ್ಲೂ ಅಚ್ಚಾಗಿರುವುದಿಲ್ಲ, ನೋಟಮ್ ಎಂಬ ಸೂಚನೆಯಲ್ಲಿ ಬರುತ್ತದೆ. ಆದ್ದರಿಂದ ಚಾರ್ಟ್ ಬಿಡಿಸಿದವರು ಮೊದಲು ಅದರ ಅವಧಿ ಮುಗಿದಿಲ್ಲವೆಂದು ನೋಡಬೇಕು (ಅಮೆರಿಕದ ಸೆಕ್ಷನಲ್ ಚಾರ್ಟ್ 56 ದಿನಕ್ಕೊಮ್ಮೆ ಬದಲಾಗುತ್ತದೆ), ಆಮೇಲೆ ಆ ದಿನದ ನೋಟಮ್ ಓದಬೇಕು.

ಪೈಲಟ್ ಆಗದವರಿಗೂ ಈಗ ಆಕಾಶದ ನಕ್ಷೆ ಬೇಕಾಗಿದೆ. ಹೊಲಕ್ಕೆ ಔಷಧಿ ಸಿಂಪಡಿಸುವ, ಮದುವೆ ಚಿತ್ರೀಕರಿಸುವ ಡ್ರೋನ್‌ಗಳಿಗಾಗಿ 2021ರಲ್ಲಿ ಕೇಂದ್ರ ಸರ್ಕಾರ ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿತು. ಹಸಿರಿನಲ್ಲಿ 400 ಅಡಿಯವರೆಗೆ ಹಾರಿಸಲು ಅನುಮತಿ ಕೇಳಬೇಕಿಲ್ಲ. ಹಳದಿಯಲ್ಲಿ ಆ ಪ್ರದೇಶದ ಕಂಟ್ರೋಲರ್ ಒಪ್ಪಬೇಕು. ಕೆಂಪಿನಲ್ಲಿ ಕೇಂದ್ರ ಸರ್ಕಾರವೇ ಒಪ್ಪಬೇಕು. ಮೂರು ಬಣ್ಣ ಕೇಳುವುದೂ ಅದೇ ಹಳೆಯ ಪ್ರಶ್ನೆಯನ್ನು.

ಹೊಣೆ ಕಂಟ್ರೋಲರ್‌ಗೆ ಹೋಯಿತೆಂದ ಮಾತ್ರಕ್ಕೆ ಪೈಲಟ್ ಕಣ್ಣು ಮುಚ್ಚಬಹುದೆ? 1978ರ ಸೆಪ್ಟೆಂಬರ್ 25ರಂದು ಸ್ಯಾನ್ ಡಿಯೇಗೊದಲ್ಲಿ ಇಳಿಯಲು ಬರುತ್ತಿದ್ದ ಪಿಎಸ್‌ಎ ಸಂಸ್ಥೆಯ ಬೋಯಿಂಗ್ 727ಕ್ಕೆ ಕಂಟ್ರೋಲರ್ ಮುಂದೆ ಸೆಸ್ನಾ ಇದೆಯೆಂದು ಹೇಳಿದ್ದರು. ಆ ಸೆಸ್ನಾದಲ್ಲಿ ಬೋಧಕರೊಬ್ಬರು ಮತ್ತೊಬ್ಬ ಪೈಲಟ್‌ಗೆ ತರಬೇತಿ ಕೊಡುತ್ತಿದ್ದರು. ‘ಕಾಣಿಸಿತು’ ಎಂದರು ಬೋಯಿಂಗ್‌ನವರು. ಆ ಒಂದು ಮಾತಿಗೆ ಸೆಸ್ನಾದಿಂದ ದೂರವಿರುವ ಹೊಣೆ ಅವರ ಪಾಲಿಗೆ ಬಂತು. ಬಳಿಕ ಅದು ಅವರ ಕಣ್ತಪ್ಪಿತು, ಕಣ್ತಪ್ಪಿದ್ದು ಟವರ್‌ಗೆ ಸ್ಪಷ್ಟವಾಗಿ ತಿಳಿಯಲಿಲ್ಲ. ಎರಡೂ ಡಿಕ್ಕಿಯಾಗಿ, ನೆಲದ ಮೇಲಿದ್ದವರೂ ಸೇರಿ 144 ಜನ ಸತ್ತರು. ಕಂಟ್ರೋಲರ್ ಇದ್ದರು, ರೇಡಾರ್ ಇತ್ತು, ಎಚ್ಚರಿಕೆಯನ್ನೂ ಕೊಟ್ಟಿದ್ದರು. ಹವೆ ತಿಳಿಯಾಗಿರುವಾಗ, ಐಎಫ್‌ಆರ್ ಇರಲಿ ವಿಎಫ್‌ಆರ್ ಇರಲಿ, ಹೊರಗೆ ನೋಡಿ ತಪ್ಪಿಸಿಕೊಳ್ಳುವುದು ಪೈಲಟ್‌ನ ಕರ್ತವ್ಯವೆಂದು ಅಮೆರಿಕದ ನಿಯಮ ಎಲ್ಲ ವರ್ಗಗಳಿಗೂ ಸೇರಿಸಿ ಹೇಳುವುದು ಇಂಥದ್ದಕ್ಕೇ. ಅಕ್ಷರ ಹೇಳುವುದು ನಿಮ್ಮ ಜತೆ ಇನ್ನಾರು ಕಾಯುತ್ತಿದ್ದಾರೆ ಎಂಬುದನ್ನು. ನಿಮ್ಮ ಕಾವಲು ಮುಗಿಯಿತೆಂದು ಯಾವ ಅಕ್ಷರವೂ ಹೇಳುವುದಿಲ್ಲ.

ಇಂದಿನ ವಿದ್ಯಾರ್ಥಿಗಳ ಮುಂದೆ ಟ್ಯಾಬ್ಲೆಟ್ ಇರುತ್ತದೆ. ಜಿಪಿಎಸ್ ಅದರಲ್ಲಿ ವಿಮಾನದ ಚುಕ್ಕಿಯನ್ನು ಚಾರ್ಟ್‌ನ ಮೇಲೆಯೇ ಸರಿಸುತ್ತ, ಗೆರೆ ಹತ್ತಿರ ಬಂದಾಗ ಎಚ್ಚರಿಸುತ್ತದೆ. ಒಳ್ಳೆಯ ಅನುಕೂಲ. ಆದರೆ ಬೋಧಕರು ‘ಈಗ ಯಾವ ವರ್ಗದಲ್ಲಿದ್ದೇವೆ?’ ಎಂದು ಕೇಳಿದಾಗ ಪರದೆ ನೋಡಿ ಅಕ್ಷರ ಹೇಳಿದರೆ ಸಿಕ್ಕುವುದು ಕಾಲು ಅಂಕ. ನಮ್ಮನ್ನು ಈಗ ಯಾರು ನೋಡುತ್ತಿದ್ದಾರೆ, ನಾವು ಯಾರನ್ನು ಹುಡುಕಿ ನೋಡಬೇಕು, ಮುಂದಿನ ಗೆರೆ ಎಷ್ಟು ನಿಮಿಷ ದೂರ, ಅದನ್ನು ದಾಟಲು ಯಾರ ಬಾಯಿಂದ ಏನು ಕೇಳಿಸಬೇಕು ಎಂಬುದನ್ನೂ ಜತೆಗೇ ಹೇಳಬಲ್ಲವರನ್ನು ಒಂಟಿಯಾಗಿ ಹಾರಲು ಬಿಡಬಹುದು.